ಪಕ್ಕದ ಆಸನದ ಗುರು

ವಿರಾಟರಾಜನಿಗೆ ಒಂದು ಚಿಂತೆಯಿತ್ತು. ಮಗಳು ಉತ್ತರೆಗೆ ನಾಟ್ಯ ಕಲಿಸಬೇಕು, ಕಲಿಸುವವರು ಯಾರು? ವಿದ್ಯೆಯಲ್ಲಿ ಕೊರತೆಯಿರಬಾರದು, ಅಂತಃಪುರದ ಮರ್ಯಾದೆಗೂ ಕುಂದು ಬರಬಾರದು. ಆ ಸಮಯಕ್ಕೆ ಸರಿಯಾಗಿ ಅರಮನೆಯ ಬಾಗಿಲಿಗೆ ಬಂದು ನಿಂತದ್ದು ಬೃಹನ್ನಳೆ. ಅರಸನು ಪರೀಕ್ಷಿಸಿ ನೋಡಿದ, ಒಪ್ಪಿದ, ಮಗಳನ್ನು ಒಪ್ಪಿಸಿದ. ಈ ಕಥೆಯನ್ನು ಕನ್ನಡಿಗರ ಮನೆಮನೆಗೆ ತಂದುಕೊಟ್ಟ ಕುಮಾರವ್ಯಾಸನು ಗದುಗಿನ ವೀರನಾರಾಯಣನ ಸನ್ನಿಧಿಯವನು.

ಅದೇ ಗದಗ ಜಿಲ್ಲೆಯ ಗಜೇಂದ್ರಗಡದ ಸೀಮೆಯಲ್ಲಿ ಲಕ್ಕಲಕಟ್ಟಿ ಎಂಬ ಹಳ್ಳಿಯಿದೆ. ಹಿಂದೆ ಇದು ರೋಣ ತಾಲ್ಲೂಕಿನ ಊರು. ಸುತ್ತಲೂ ಎರೆಯ ಹೊಲ, ಜೋಳ, ಕಡಲೆ; ಗಜೇಂದ್ರಗಡದ ಗುಡ್ಡಗಳ ಕಡೆ ಕಣ್ಣು ಹಾಯಿಸಿದರೆ ಬಿಳಿಯ ರೆಕ್ಕೆಗಳನ್ನು ತಿರುಗಿಸುತ್ತ ನಿಂತ ಗಾಳಿಯಂತ್ರಗಳು. ಚಕ್ಕಡಿ ಓಡಾಡುತ್ತಿದ್ದ ದಾರಿಯಲ್ಲಿ ಈಗ ಟಂಟಂ, ಟ್ರ್ಯಾಕ್ಟರು, ಮೋಟಾರ್ ಸೈಕಲ್ಲುಗಳು ಓಡುತ್ತವೆ. ಅಲ್ಲೊಂದು ಇಲ್ಲೊಂದು ಅಂಗಳದಲ್ಲಿ ಕಾರೂ ನಿಂತಿರುತ್ತದೆ. ಕಾರು ಬಂದ ಅಂಗಳಕ್ಕೆ ವಿರಾಟರಾಜನ ಚಿಂತೆಯೂ ಹಿಂದೆಯೇ ಬರುತ್ತದೆ. ಮನೆಯ ಹೆಣ್ಣುಮಗಳು ಇದನ್ನು ಕಲಿಯಬೇಕು, ಕಲಿಸುವವರು ಯಾರು?

ಅಂಗಳದ ಕಾರು, ಹುಬ್ಬಳ್ಳಿಯ ಚಾಲಕ

ಇಂಥ ಊರಿನ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಮಗನಿಗೆ ಹುಬ್ಬಳ್ಳಿಯಲ್ಲಿ ಕೆಲಸ. ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಸೊಸೆ ಪಕ್ಕದ ಊರಿನ ಶಾಲೆಯಲ್ಲಿ ಅಕ್ಕೋರು. ಮಾವನವರಿಗೆ ಸಕ್ಕರೆಯ ಕಾಯಿಲೆ. ಒಂದು ರಾತ್ರಿ ಅವರಿಗೆ ಮೈಯೆಲ್ಲ ಬೆವರಿ ಕಣ್ಣು ಕತ್ತಲೆಗಟ್ಟಿತೆಂದುಕೊಳ್ಳಿ. ಕಾರು ಅಂಗಳದಲ್ಲಿದೆ, ಕೀಲಿಕೈ ಗೋಡೆಯ ಮೊಳೆಯಲ್ಲಿದೆ, ಓಡಿಸುವವನು ಮಾತ್ರ ಹುಬ್ಬಳ್ಳಿಯಲ್ಲಿದ್ದಾನೆ. ಸೊಸೆ ಕತ್ತಲಲ್ಲಿ ನಾಲ್ಕು ಮನೆಗಳ ಬಾಗಿಲು ಬಡಿದು ಒಬ್ಬ ಹುಡುಗನನ್ನು ಎಬ್ಬಿಸಿ ತರಬೇಕು. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರ ಜೂನ್ 11ರಿಂದ 'ಶಕ್ತಿ' ಯೋಜನೆಯ ಉಚಿತ ಪ್ರಯಾಣ ದೊರೆತಿರುವುದು ನಿಜ. ಅದು ದೊಡ್ಡ ಅನುಕೂಲವೇ. ಆದರೆ ಬಸ್ಸು ಬರುವ ವೇಳೆ ಬಸ್ಸಿನದು, ಕಾಯಿಲೆ ಬರುವ ವೇಳೆ ಕಾಯಿಲೆಯದು.

ಮರುದಿನ ಮನೆಯಲ್ಲಿ ಮಾತು ಹೊರಡುತ್ತದೆ.

"ಗಾಡಿ ಕಲಿಬ್ಯಾಡ ಅನ್ನಂಗಿಲ್ಲವ್ವಾ ನಾ. ಕಲಸಾವ್ರು ಯಾರು ಅಂತ ಕೇಳತೀನಿ," ಎನ್ನುತ್ತಾರೆ ಅತ್ತೆ.

"ಹೆಣ್ಣಮಗಳು ಕಲಿಸಿದ್ರ ಒಪ್ಪತೀರೇನ್ರಿ, ಅತ್ತೀ?"

"ಒಪ್ಪಲಾರದೇನು? ಅಂಥಾಕಿ ಎಲ್ಲಿ ಅದಾಳ, ಹೇಳು ನೋಡೋಣ."

ಪ್ರಶ್ನೆ ಸಣ್ಣದು, ಉತ್ತರ ಅಷ್ಟು ಸುಲಭವಲ್ಲ.

ಗಂಡನೇ ಕಲಿಸಬಾರದೇ ಎಂದು ಪಟ್ಟಣದ ಓದುಗರು ಕೇಳಿಯಾರು. ಹಾಗೆ ಕಲಿಯಲು ಹೊರಟ ದಂಪತಿಗಳ ಅನುಭವವನ್ನು ಅವರೇ ಬಲ್ಲರು. ಮೊದಲ ದಿನ ಕ್ಲಚ್ಚಿನ ವಿಷಯಕ್ಕೆ ಆರಂಭವಾದ ಮಾತು ಮೂರನೆಯ ದಿನದ ಹೊತ್ತಿಗೆ ತವರಿನ ವಿಷಯಕ್ಕೆ ಬಂದು ಮುಟ್ಟಿರುತ್ತದೆ. ಗುರುವಿಗೆ ಇರಬೇಕಾದ ಮೊದಲ ಗುಣ ತಾಳ್ಮೆ. ತನ್ನ ಹಣದಿಂದ ಕೊಂಡ ಕಾರಿನ ಗೇರು ಕಿರುಗುಟ್ಟುವಾಗ ತಾಳ್ಮೆಯಿಂದ ಕುಳಿತಿರುವ ಗಂಡಸು ಅಪರೂಪ. ಅಲ್ಲದೆ ಮನೆಯ ಕಾರಿನಲ್ಲಿ ಪಕ್ಕದವರ ಕಾಲಿಗೆ ಬ್ರೇಕಿಲ್ಲ. ಬಾಯಿಗೆ ಮಾತ್ರ ಕೆಲಸ.

ಕಾನೂನು ಕೇಳುವುದು ಏನನ್ನು?

ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಕಾರು ಓಡಿಸಲು ಹದಿನೆಂಟು ವರ್ಷ ತುಂಬಿರಬೇಕು. ಮೊದಲು ಕಲಿಯುವವರ ಲೈಸೆನ್ಸು. ಅದರ ಅವಧಿ ಆರು ತಿಂಗಳು. ಅದು ಕೈಗೆ ಬಂದ ಮೂವತ್ತು ದಿನಗಳ ನಂತರವೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಈ ಅರ್ಜಿಗಳನ್ನು ತುಂಬುವ ಕೇಂದ್ರ ಸರಕಾರದ ಗಣಕ ವ್ಯವಸ್ಥೆಗೆ 'ಸಾರಥಿ' ಎಂದೇ ಹೆಸರು. ಹೆಸರಿಟ್ಟವರು ಪುರಾಣ ಬಲ್ಲವರಿರಬೇಕು.

1989ರ ಕೇಂದ್ರ ನಿಯಮಗಳು ಇನ್ನೂ ವಿವರಕ್ಕೆ ಇಳಿಯುತ್ತವೆ. ಕಲಿಯುವವರ ವಾಹನದ ಮುಂದೆಯೂ ಹಿಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು 'ಎಲ್' ಅಕ್ಷರವಿರಬೇಕು. ಅಕ್ಷರದ ಎತ್ತರ ಹತ್ತು ಸೆಂಟಿಮೀಟರಿಗೆ ಕಡಿಮೆಯಾಗಬಾರದು. ಪಕ್ಕದಲ್ಲಿ ಲೈಸೆನ್ಸುಳ್ಳ ಶಿಕ್ಷಕರು ಇರಬೇಕು, ಅದೂ ವಾಹನವನ್ನು ಹಿಡಿತಕ್ಕೆ ತಂದು ನಿಲ್ಲಿಸಬಲ್ಲ ಸ್ಥಾನದಲ್ಲಿ. ಚಾಲನಾ ಶಾಲೆಯ ಕಾರಿನಲ್ಲಿ ಶಿಕ್ಷಕರ ಕಾಲಿಗೂ ನಿಯಂತ್ರಣ ಸಿಗುವ ಜೋಡಿ ವ್ಯವಸ್ಥೆ ಕಡ್ಡಾಯ. ಶಾಲೆಯ ಪಾಠ ಇಪ್ಪತ್ತೊಂದು ದಿನಗಳಿಗೆ ಕಡಿಮೆಯಿರಬಾರದು. ಅದರಲ್ಲಿ ಸ್ವತಃ ಓಡಿಸುವುದು ಹತ್ತು ಗಂಟೆಗೆ ಕಡಿಮೆಯಿರಬಾರದು.

ಶಿಕ್ಷಕರಾಗುವವರಿಗೂ ಅರ್ಹತೆಯುಂಟು. ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು; ಐದು ವರ್ಷ ವಾಹನ ಓಡಿಸಿದ ಅನುಭವವಿರಬೇಕು; ಮೋಟಾರು ಯಂತ್ರವಿದ್ಯೆಯ ಪ್ರಮಾಣಪತ್ರವಿರಬೇಕು; ಬಿಡಿಭಾಗಗಳ ಕೆಲಸವನ್ನು ತೋರಿಸಿ ವಿವರಿಸುವ ಶಕ್ತಿಯಿರಬೇಕು. ಈ ಪಟ್ಟಿಯನ್ನು ಎಷ್ಟು ಸಲ ತಿರುವಿ ಹಾಕಿದರೂ ಶಿಕ್ಷಕರು ಗಂಡಸಾಗಿರಬೇಕೆಂಬ ಮಾತು ಎಲ್ಲಿಯೂ ಸಿಗುವುದಿಲ್ಲ. ಕಾಯಿದೆ ಕೇಳುವುದು ವಿದ್ಯೆಯನ್ನು. ಹಾಗಿದ್ದೂ 'ಡ್ರೈವಿಂಗ್ ಮಾಸ್ತರ' ಎಂದೊಡನೆ ಕಣ್ಣಿಗೆ ಕಟ್ಟುವುದು ಗಂಡಸಿನ ಚಿತ್ರವೇ. ಇದು ರೂಢಿಯ ಕೈವಾಡವೇ ಹೊರತು ಕಾಯಿದೆಯದಲ್ಲ.

ಟೋಪಿಯ ಸೂಜಿ, ಕೈಗನ್ನಡಿ

ಮೋಟಾರಿನ ಚರಿತ್ರೆಯನ್ನೇ ನೋಡಿದರೆ ಈ ರೂಢಿ ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಜರ್ಮನಿಯ ಕಾರ್ಲ್ ಬೆಂಜ್ ಮೋಟಾರು ಗಾಡಿಯನ್ನು ನಿರ್ಮಿಸಿದನಾದರೂ ಅದರಲ್ಲಿ ದೂರ ಪ್ರಯಾಣ ಮಾಡಿ ತೋರಿಸಿದವಳು ಆತನ ಹೆಂಡತಿ ಬೆರ್ತಾ. 1888ರ ಆಗಸ್ಟಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಗಂಡನಿಗೂ ಹೇಳದೆ, ಮಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ಕ್ರಮಿಸಿದಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಚುಚ್ಚಿ ಸರಿಪಡಿಸಿದಳು. ಬ್ರೇಕಿನ ಕಟ್ಟಿಗೆ ಸವೆದಾಗ ಚಮ್ಮಾರನಿಂದ ಅದಕ್ಕೆ ತೊಗಲು ಹೊಡೆಸಿದಳು. ಪರ ಊರಿನ ದಾರಿಯಲ್ಲಿ ಆಕೆಗೆ ಪಕ್ಕದ ಆಸನದ ಗುರು ಯಾರೂ ಇರಲಿಲ್ಲ.

ಇಂಗ್ಲೆಂಡಿನ ಡೊರೊಥಿ ಲೆವಿಟ್ ಇನ್ನೊಂದು ಹೆಜ್ಜೆ ಮುಂದೆ ಹೋದಳು. ಆಕೆ ಪಂದ್ಯಗಳಲ್ಲಿ ಕಾರು ಓಡಿಸಿ ಹೆಸರು ಮಾಡಿದವಳು; ರಾಣಿ ಅಲೆಕ್ಸಾಂಡ್ರಾಳಿಗೂ ರಾಜಕುಮಾರಿಯರಿಗೂ ಕಾರು ಕಲಿಸಿದಳೆಂಬ ಕೀರ್ತಿ ಅವಳಿಗಿದೆ. 1909ರಲ್ಲಿ ಹೆಂಗಸರಿಗಾಗಿಯೇ ಮೋಟಾರು ವಿದ್ಯೆಯ ಪುಸ್ತಕ ಬರೆದಳು. ಹಿಂದಿನ ದಾರಿಯನ್ನು ನೋಡಲು ಒಂದು ಕೈಗನ್ನಡಿ ಜೊತೆಗಿರಲಿ ಎಂದು ಅದರಲ್ಲಿ ಸಲಹೆ ಕೊಟ್ಟಿದ್ದಾಳೆ. ಇಂದು ಪ್ರತಿಯೊಂದು ಕಾರಿನ ನೆತ್ತಿಯ ಬಳಿ ಕನ್ನಡಿ ತೂಗುತ್ತಿದೆ. ಹೆಂಗಸರ ಕನ್ನಡಿಯನ್ನು ಕುರಿತು ಹಾಸ್ಯ ಮಾಡುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ಸೌದಿ ಅರೇಬಿಯಾದಲ್ಲಂತೂ ಹೆಂಗಸರು ವಾಹನ ಓಡಿಸಲು ಅನುಮತಿ ಜಾರಿಗೆ ಬಂದದ್ದು 2018ರ ಜೂನ್ 24ರಂದು. ಅನುಮತಿ ಬಂದೊಡನೆ ಎದ್ದ ಮೊದಲ ಪ್ರಶ್ನೆ ಲಕ್ಕಲಕಟ್ಟಿಯ ಅತ್ತೆ ಕೇಳುವ ಪ್ರಶ್ನೆಯೇ: ಕಲಿಸುವವರು ಯಾರು? ಹೊರದೇಶಗಳಲ್ಲಿ ಮೊದಲೇ ಲೈಸೆನ್ಸು ಪಡೆದಿದ್ದ ಹೆಂಗಸರು ಶಿಕ್ಷಕಿಯರಾಗಿ ಮುಂದೆ ಬಂದರು. ರಿಯಾದ್ ನಗರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಚಾಲನಾ ಶಾಲೆ ನಡೆಯಿತು. ಕಲಿತ ಕೆಲವರು ಇದ್ದುದರಿಂದ ಕಲಿಯುವ ಹಲವರಿಗೆ ದಾರಿಯಾಯಿತು.

ಮೈಸೂರಿನ ಸೆಲ್ವಿ

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನೆರೆಯ ತಮಿಳುನಾಡಿನಲ್ಲಿ 1993ರಲ್ಲಿಯೇ ವಸಂತಕುಮಾರಿ ಎಂಬಾಕೆ ಸರಕಾರಿ ಬಸ್ಸಿನ ಚಾಲಕಿಯಾಗಿ ನೇಮಕಗೊಂಡರು. ನಮ್ಮ ಮೈಸೂರಿನ ಸೆಲ್ವಿಯ ಕಥೆ ಇನ್ನೂ ಹೃದಯಸ್ಪರ್ಶಿಯಾದುದು. ಎಳೆಯ ವಯಸ್ಸಿನಲ್ಲಿ ಮದುವೆ, ಗಂಡನ ಮನೆಯಲ್ಲಿ ಹಿಂಸೆ. ಒಂದು ದಿನ ಮನೆ ಬಿಟ್ಟು ಹೊರಟ ಆಕೆ ಬಸ್ಸಿನ ಗಾಲಿಗೆ ಸಿಕ್ಕಿ ಜೀವ ಕಳೆದುಕೊಳ್ಳುವ ಯೋಚನೆಯಲ್ಲಿ ರಸ್ತೆಗೆ ಬಂದಳು; ಬಸ್ಸು ಬಂದಾಗ ಕೈಯೆತ್ತಿ ನಿಲ್ಲಿಸಿ ಹತ್ತಿಬಿಟ್ಟಳು. ಮೈಸೂರಿನ ಆಶ್ರಯಧಾಮವೊಂದರಲ್ಲಿ ನೆಲೆ ಸಿಕ್ಕಿತು. ವಾಹನ ಓಡಿಸುವುದನ್ನು ಕಲಿತು, ದಕ್ಷಿಣ ಭಾರತದ ಮೊದಲ ಮಹಿಳಾ ಟ್ಯಾಕ್ಸಿ ಚಾಲಕಿಯೆಂದು ಹೆಸರಾದಳು. ಕೆನಡಾದ ಎಲಿಸಾ ಪಲೋಸ್ಕಿ ಎಂಬ ಚಿತ್ರನಿರ್ದೇಶಕಿ ಹಲವು ವರ್ಷ ಆಕೆಯ ಬಾಳನ್ನು ಚಿತ್ರೀಕರಿಸಿ ತಯಾರಿಸಿದ 'ಡ್ರೈವಿಂಗ್ ವಿತ್ ಸೆಲ್ವಿ' ಚಿತ್ರ 2015ರಲ್ಲಿ ತೆರೆಗೆ ಬಂತು. ಯಾವ ಗಾಲಿಯ ಕೆಳಗೆ ಬಾಳು ಮುಗಿಯಬೇಕಾಗಿತ್ತೋ ಅದೇ ಗಾಲಿಯನ್ನು ನಡೆಸುವ ಕೈ ಆಕೆಯದಾಯಿತು. ಇಂಥವರನ್ನು ಕಂಡವರಿಗೆ ಚಾಲನೆಯ ವಿದ್ಯೆ ಬರಿಯ ಶೋಕಿಯ ವಿದ್ಯೆಯೆಂದು ತೋರಲಾರದು.

ಆಯ್ಕೆಯ ತೂಕ

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ ಉಳಿಯುತ್ತದೆ. ಕಲಿಯುವವಳಿಗೆ ಕಲಿಸುವವಳು ಹೆಂಗಸಾದರೆ ಲಾಭವೇನು?

ಲಾಭವಿದೆ. ಮೊದಲ ಪಾಠಗಳಲ್ಲಿ ಕಲಿಯುವವಳ ಕೈಯ ಮೇಲೆ ಕೈಯಿಟ್ಟು ಗೇರು ಹಾಕಿಸಬೇಕಾಗುತ್ತದೆ. ಚಕ್ರ ಅಡ್ಡಾದಿಡ್ಡಿ ತಿರುಗಿದಾಗ ಪಕ್ಕದಿಂದ ಬಾಗಿ ಹಿಡಿಯಬೇಕಾಗುತ್ತದೆ. ಆ ಕೈ ಯಾರದೆಂಬ ಅಳುಕು ಮನಸ್ಸಿನಲ್ಲಿದ್ದರೆ ಅರ್ಧ ಗಮನ ಅಲ್ಲಿಯೇ ಸೋರಿಹೋಗುತ್ತದೆ. ರಸ್ತೆಗೆ ಬೇಕಾದುದು ಪೂರ್ತಿ ಗಮನ. ಸೀರೆಯ ನಿರಿಗೆ ಕ್ಲಚ್ಚಿಗೆ ಸಿಕ್ಕದಂತೆ ಕೂರುವುದು ಹೇಗೆ, ಕುಳ್ಳಗಿದ್ದವರು ಆಸನವನ್ನು ಎಷ್ಟು ಮುಂದಕ್ಕೆ ಎಳೆದುಕೊಳ್ಳಬೇಕು, ಯಾವ ಚಪ್ಪಲಿ ಪೆಡಲಿನ ಮೇಲೆ ಜಾರುತ್ತದೆ, ಇವನ್ನು ಸ್ವತಃ ಅನುಭವಿಸಿದವಳು ಕೇಳದೆಯೇ ಹೇಳಿಕೊಡುತ್ತಾಳೆ. "ಭಯ ಆಗತೈತ್ರಿ" ಎಂಬ ಒಂದು ಮಾತನ್ನು ನಾಚಿಕೆಯಿಲ್ಲದೆ ಆಡುವುದು ಅವಳ ಮುಂದೆ ಸುಲಭ. ಭಯವನ್ನು ಬಾಯಿ ಬಿಟ್ಟು ಹೇಳಿದವರು ಬೇಗ ಕಲಿಯುತ್ತಾರೆ. ಮುಚ್ಚಿಟ್ಟುಕೊಂಡವರು ಬ್ರೇಕಿನ ಬದಲು ಆಕ್ಸಿಲರೇಟರ್ ಒತ್ತುತ್ತಾರೆ. ಎಲ್ಲಕ್ಕೂ ಮಿಗಿಲಾಗಿ, ಪಕ್ಕದಲ್ಲಿ ಕುಳಿತವಳೇ ತಾನೂ ಹೀಗಾಗಬಲ್ಲೆನೆಂಬುದಕ್ಕೆ ಸಾಕ್ಷಿ.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ಹೆಣ್ಣಾದ ಮಾತ್ರಕ್ಕೆ ಯಾರೂ ಒಳ್ಳೆಯ ಗುರುವಾಗುವುದಿಲ್ಲ. ಗದರುವ ಶಿಕ್ಷಕಿ ಗದರುವ ಶಿಕ್ಷಕನಷ್ಟೇ ಅಪಾಯಕಾರಿ. ತಂದೆಯಂತೆ ಸಾವಧಾನದಿಂದ ಕಲಿಸುವ ವಯಸ್ಸಾದ ಚಾಲಕರು ಎಷ್ಟೋ ಊರುಗಳಲ್ಲಿದ್ದಾರೆ. ಅಂಥವರಿಂದ ಕಲಿತು ಧೈರ್ಯವಾಗಿ ಓಡಾಡುವ ಹೆಣ್ಣುಮಕ್ಕಳೂ ಇದ್ದಾರೆ. ಆದುದರಿಂದ ಶಾಲೆ ಸೇರುವ ಮುನ್ನ ನಾಲ್ಕು ಮಾತು ಕೇಳಿ ತಿಳಿಯುವುದು ಜಾಣತನ. ಶಾಲೆಗೆ ಲೈಸೆನ್ಸು ಇದೆಯೇ? ಕಾರಿನಲ್ಲಿ ಜೋಡಿ ಬ್ರೇಕಿದೆಯೇ? ಒಂದೇ ಸಲಕ್ಕೆ ಕಾರಿನಲ್ಲಿ ಎಷ್ಟು ಜನ ಕಲಿಯುವವರು, ತನ್ನ ಪಾಲಿಗೆ ಚಕ್ರ ಸಿಗುವುದು ಎಷ್ಟು ಹೊತ್ತು? ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಡುವುದನ್ನೂ ಹಿಮ್ಮುಖವಾಗಿ ಓಡಿಸುವುದನ್ನೂ ಕಲಿಸುವರೇ? ಇವು ಪರೀಕ್ಷೆಯ ದಿನ ಅಧಿಕಾರಿಯ ಮುಂದೆ ಮಾಡಿ ತೋರಿಸಬೇಕಾದವು. ಈ ಪ್ರಶ್ನೆಗಳಿಗೆ ಸರಿಯಾದ ಉತ್ತರ ಬಂದು, ಶಿಕ್ಷಕಿಯೂ ಇದ್ದರೆ, ಅದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಕಷ್ಟವಿರುವುದು ಶಿಕ್ಷಕಿ ಸಿಗುವುದರಲ್ಲಿ. ಪಟ್ಟಣದಲ್ಲಿ ಹುಡುಕಿದರೆ ಸಿಕ್ಕಾಳು. ಲಕ್ಕಲಕಟ್ಟಿಯಂಥ ಊರಿನವಳು ಪಾಠಕ್ಕಾಗಿ ಗಜೇಂದ್ರಗಡಕ್ಕೋ ರೋಣಕ್ಕೋ ಗದುಗಿಗೋ ಹೋಗಬೇಕು. ಶಾಲೆಯ ಗಂಟೆ, ಅಡುಗೆ, ಮಾವನವರ ಔಷಧ, ಇವುಗಳ ನಡುವೆ ಇಪ್ಪತ್ತೊಂದು ದಿನಗಳನ್ನು ಹೊಂದಿಸಬೇಕು. ಅಷ್ಟು ಮಾಡಿದ ಮೇಲೆ ಅಲ್ಲಿ ಕಲಿಸುವವರು ಯಾರಿರುವರೋ ಅವರೇ ಗುರು. ಆಯ್ಕೆ ಮಾಡಿಕೊಳ್ಳಿ ಎಂದು ಹೇಳುವುದು ಸುಲಭ. ಆಯ್ದುಕೊಳ್ಳಲು ಇಬ್ಬರಾದರೂ ಇರಬೇಡವೇ?

ಇಲ್ಲಿ ಆ ಐದು ವರ್ಷದ ನಿಯಮ ಮತ್ತೆ ನೆನಪಿಗೆ ಬರುತ್ತದೆ. ಇಂದು ಲೈಸೆನ್ಸು ಪಡೆದವಳು ಐದು ವರ್ಷ ಓಡಿಸಿ, ಯಂತ್ರವಿದ್ಯೆಯ ಪ್ರಮಾಣಪತ್ರವನ್ನೂ ಸಂಪಾದಿಸಿದರೆ ಆಗ ಶಿಕ್ಷಕಿಯಾಗಬಹುದು. ಅಂದರೆ ಶಿಕ್ಷಕಿ ಬೇಕೆನ್ನುವ ಊರಿನಲ್ಲಿ ಯಾರೋ ಒಬ್ಬಳು ಶಿಕ್ಷಕಿಯಿಲ್ಲದೆಯೇ ಮೊದಲು ಕಲಿಯಬೇಕು. ಮೊದಲನೆಯವಳ ಪಾಲಿಗೆ ಬರುವುದು ಅಳುಕು, ನೆರೆಯವರ ನಗು, ಕಟ್ಟೆಯ ಮೇಲೆ ಕುಳಿತವರ ಟೀಕೆ; ಎರಡನೆಯವಳ ಪಾಲಿಗೆ ಬರುವುದು ಆಯ್ಕೆ.

ಬೃಹನ್ನಳೆಯ ಕಥೆ ನಾಟ್ಯಶಾಲೆಯಲ್ಲಿಯೇ ಮುಗಿಯುವುದಿಲ್ಲ. ಹೆಂಗಳೆಯರ ಮುಂದೆ ಪರಾಕ್ರಮ ಕೊಚ್ಚಿಕೊಂಡು ಹೊರಟ ಉತ್ತರಕುಮಾರನು ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡಿದ; ಒಲೆಯ ಮುಂದಿನ ಪೌರುಷವೆಂಬ ಗಾದೆ ಇಂದಿಗೂ ಆತನ ಬೆನ್ನು ಬಿಟ್ಟಿಲ್ಲ. ಆದರೆ ಅಟ್ಟಿಕೊಂಡು ಹೋಗಿ ಹಿಡಿದು ತಂದ ಸಾರಥಿ ಆತನನ್ನು ಮನೆಗೆ ಕಳಿಸಲಿಲ್ಲ. ಧೈರ್ಯ ಹೇಳಿ, ತಾನು ಬಿಲ್ಲು ಹಿಡಿದು, ಕುದುರೆಗಳ ವಾಘೆಯನ್ನು ಆತನ ಕೈಗೇ ಕೊಟ್ಟಿತು. ಓಡಿಹೋದವನೇ ಆ ದಿನ ರಥ ನಡೆಸಿದ. ಗೋವುಗಳು ಊರಿಗೆ ಹಿಂದಿರುಗಿದವು.

ಲಕ್ಕಲಕಟ್ಟಿಯಂಥ ಊರಿನ ಹೊರಗೆ, ಬೆಳಗಿನ ಜಾವ, ಕೆಂಪು ಅಕ್ಷರದ ಹಲಗೆ ಕಟ್ಟಿಕೊಂಡ ಕಾರೊಂದು ನಡುನಡುವೆ ಜರ್ಕು ಹೊಡೆಯುತ್ತ ಹೋಗುತ್ತಿದ್ದರೆ, ದಾರಿಯಲ್ಲಿ ಹೋಗುವವರು ನಗದೆ ಸ್ವಲ್ಪ ಬದಿಗೆ ಸರಿದು ನಿಂತರೆ ಸಾಕು. ಚಕ್ರ ಹಿಡಿದವಳು ಇಂದು ಪಕ್ಕದ ಆಸನದತ್ತ ನೋಡಿ ನೋಡಿ ಓಡಿಸುತ್ತಿರಬಹುದು. ಐದು ವರ್ಷ ಕಳೆದ ಮೇಲೆ ಆ ಆಸನದಲ್ಲಿ ಕುಳಿತು, "ಸಾವಕಾಶ ಬಿಡವಾ ಕ್ಲಚ್ಚು, ಗಾಡಿ ಎಲ್ಲೂ ಓಡಿಹೋಗಂಗಿಲ್ಲ," ಎಂದು ಇನ್ನೊಬ್ಬಳಿಗೆ ಹೇಳುವವಳು ಅವಳೇ ಆದಾಳು.