ಬೆಂಗಳೂರಿನ ನಿಯಮ, ಟೇಕಲ್‌ನ ತಾರಸಿ

ಹಳೆಯದಾದ ಫ್ಯಾನನ್ನೋ ರೆಫ್ರಿಜರೇಟರನ್ನೋ ಬದಲಿಸಬಹುದು. ಆದರೆ ಒಮ್ಮೆ ಕಟ್ಟಿದ ಮನೆ ಐವತ್ತು ವರ್ಷ ನಿಲ್ಲುತ್ತದೆ. ಕಿಟಕಿಗೆ ಸಜ್ಜೆ ಇಡದಿದ್ದುದು, ಪಶ್ಚಿಮದ ಬಿಸಿಲಿಗೆ ತೆಳುಗೋಡೆಯೊಡ್ಡಿದ್ದು, ತಾರಸಿಗೆ ಯಾವ ರಕ್ಷಣೆಯನ್ನೂ ಕೊಡದಿದ್ದುದು, ಇವೆಲ್ಲಕ್ಕೂ ಎರಡು ತಲೆಮಾರಿನವರು ತಿಂಗಳು ತಿಂಗಳೂ ಬೆಲೆ ತೆರುತ್ತಾರೆ. ವಿದ್ಯುತ್ ಮಿತವ್ಯಯದ ನೀತಿ ಮೊದಲು ಜಾರಿಯಾಗಬೇಕಾದುದು ಮನೆಯ ನಕ್ಷೆಯಲ್ಲಿ, ಗೋಡೆ ಏಳುವುದಕ್ಕೆ ಮುನ್ನ.

ಈ ವಿಷಯದಲ್ಲಿ ನಮಗೆ ಕಾನೂನಿನ ಕೊರತೆಯಿಲ್ಲ. ಇಂಧನ ಸಂರಕ್ಷಣಾ ಕಾಯ್ದೆ ಬಂದದ್ದು 2001ರಲ್ಲಿ. ಅದರಡಿ 2007ರಲ್ಲಿ ವಾಣಿಜ್ಯ ಕಟ್ಟಡಗಳಿಗೆ ಇಂಧನ ಸಂರಕ್ಷಣಾ ಸಂಹಿತೆ ರೂಪುಗೊಂಡಿತು; 2017ರಲ್ಲಿ ಪರಿಷ್ಕೃತವಾಯಿತು. ವಾಸದ ಕಟ್ಟಡಗಳಿಗಾಗಿ 2018ರ ಡಿಸೆಂಬರ್‌ನಲ್ಲಿ 'ಇಕೋ ನಿವಾಸ ಸಂಹಿತೆ' ಹೊರಬಂದಿತು. 2022ರಲ್ಲಿ ಕಾಯ್ದೆಗೆ ತಂದ ತಿದ್ದುಪಡಿ ದೊಡ್ಡ ವಸತಿ ಸಮುಚ್ಚಯಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. ಬೆಂಗಳೂರು ಮಹಾನಗರ ಪಾಲಿಕೆ 2023ರ ನವೆಂಬರ್‌ನಲ್ಲಿ ತನ್ನದೇ ಹವಾಮಾನ ಕ್ರಿಯಾಯೋಜನೆಯನ್ನು ಪ್ರಕಟಿಸಿತು.

ಆದರೆ ಈ ಸಂಹಿತೆಗಳು ಯಾರನ್ನು ಮುಟ್ಟುತ್ತವೆ? ಕಾಯ್ದೆಯ ಅಳತೆಗೋಲು 100 ಕಿಲೋವಾಟ್ ಸಂಪರ್ಕಿತ ಹೊರೆ ಅಥವಾ 120 ಕೆ.ವಿ.ಎ. ಬೇಡಿಕೆ. ಎರಡು ಕಿಲೋವಾಟ್‌ನ ಐವತ್ತು ಗೀಸರ್‌ಗಳನ್ನು ಒಟ್ಟಿಗೆ ಹಚ್ಚಿದರೆ ಆಗುವ ಹೊರೆ ಅದು. ಮೂರು ಅಥವಾ ಐದು ಕಿಲೋವಾಟ್ ಮಂಜೂರಾತಿಯ ಸಾಮಾನ್ಯ ಮನೆ ಈ ಜರಡಿಯಲ್ಲಿ ನಿಲ್ಲುವುದೇ ಇಲ್ಲ. ಗಾಜಿನ ಹೊದಿಕೆಯ ಕಚೇರಿ ನಿಯಮಕ್ಕೆ ಒಳಪಟ್ಟರೆ, ಮೂವತ್ತು-ನಲವತ್ತರ ನಿವೇಶನದ ಸಹಸ್ರಾರು ಮನೆಗಳು ಹೊರಗುಳಿಯುತ್ತವೆ.

ಮಾಲೂರು ತಾಲ್ಲೂಕಿನ ಟೇಕಲ್ ಹೋಬಳಿಯನ್ನು ನೋಡಿದರೆ ಇದರ ಪರಿಣಾಮ ತಿಳಿಯುತ್ತದೆ. ಇಲ್ಲಿನ ಬಂಡೆಗಳನ್ನು ಸೀಳಿದ ಕಲ್ಲು, ಮಾಲೂರಿನ ಗೂಡುಗಳಲ್ಲಿ ಸುಟ್ಟ ಇಟ್ಟಿಗೆ ಮತ್ತು ಹೆಂಚು ಬೆಂಗಳೂರನ್ನು ಕಟ್ಟಲು ಒದಗಿವೆ. ಈಗ ಬೆಂಗಳೂರೇ ಇತ್ತ ಸರಿಯುತ್ತಿದೆ. ಚೆನ್ನೈ ಎಕ್ಸ್‌ಪ್ರೆಸ್‌ವೇಯ ಹೊಸಕೋಟೆಯಿಂದಾಚೆಗಿನ ಭಾಗ ಮಾಲೂರಿನ ಮೂಲಕ ಸಂಚಾರಕ್ಕೆ ತೆರೆದ ಮೇಲೆ ಬಡಾವಣೆಗಳ ಫಲಕಗಳು ಹೊಲಗಳ ಅಂಚಿಗೂ ಬಂದಿವೆ. ಕಟ್ಟಡ ಪರವಾನಗಿ ಕೊಡುವ ಅಧಿಕಾರ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಯದು. ನಗರದ ನೀತಿ ನಗರದ ಗಡಿಯಲ್ಲೇ ನಿಂತರೆ, ನಾಳಿನ ನಗರ ನೀತಿಯಿಲ್ಲದೆಯೇ ಕಟ್ಟಲ್ಪಡುತ್ತದೆ.

ಹಳೆಯ ಮನೆಗಳೆಲ್ಲ ತಂಪಾಗಿದ್ದವೆಂಬ ಭಾವುಕತೆ ಬೇಡ. ದಪ್ಪ ಕಲ್ಲುಗೋಡೆ ಹಗಲಿನ ತಾಪವನ್ನು ತಡೆಯುತ್ತಿದ್ದುದು ನಿಜ. ಆದರೆ ಬಿಸಿಲುಂಡ ಕಲ್ಲುಚಪ್ಪಡಿಯ ಮಾಡು ರಾತ್ರಿಯಲ್ಲಿ ಆ ಶಾಖವನ್ನೇ ಒಳಗೆ ಸುರಿಯುತ್ತಿತ್ತು. ಬೇಸಿಗೆಯಲ್ಲಿ ಜನ ಅಂಗಳದಲ್ಲಿ ಮಲಗುತ್ತಿದ್ದುದು ಸುಮ್ಮನೆ ಅಲ್ಲ. ಕಾಂಕ್ರೀಟ್ ತಾರಸಿಯೂ ಅದನ್ನೇ ಮಾಡುತ್ತದೆ. ನಾವಿರುವ ಹದಿಮೂರನೆಯ ಅಕ್ಷಾಂಶದಲ್ಲಿ ಏಪ್ರಿಲ್ ಕೊನೆಗೆ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಆಗ ಗೋಡೆಗಿಂತ ಮಾಡಿನ ಮೇಲೆ ಹೆಚ್ಚು ಬಿಸಿಲು ಬೀಳುತ್ತದೆ. ಸಮಶೀತೋಷ್ಣವೆಂದು ಸಂಹಿತೆ ಗುರುತಿಸಿರುವ ಬೆಂಗಳೂರಿನಲ್ಲೇ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು.

ಮಾರುಕಟ್ಟೆಯೇ ಇದನ್ನು ಸರಿಪಡಿಸೀತೆ? ಅರ್ಥಶಾಸ್ತ್ರದ ಉತ್ತರ ನಿರಾಶಾದಾಯಕ. ಕಟ್ಟುವವನು ಖರ್ಚು ಮಾಡಬೇಕು, ಉಳಿತಾಯ ವಾಸಿಸುವವನದು. ಬಾಡಿಗೆಗೆ ಕಟ್ಟಿಸುವ ಮಾಲೀಕನಿಗೆ ತಾರಸಿಯ ಸುಣ್ಣವೂ ದಂಡದ ಬಾಬತ್ತೇ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆ ಬಡ ಕುಟುಂಬಗಳಿಗೆ ನೆಮ್ಮದಿ ತಂದಿದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಬಿಲ್ಲು ಶೂನ್ಯವಾದ ಮನೆಯಲ್ಲಿ ಮಿತವ್ಯಯಕ್ಕೆ ಪ್ರೇರಣೆಯೂ ಕುಗ್ಗುತ್ತದೆ. ಆ ಹೊರೆ ಸರ್ಕಾರದ ಬೊಕ್ಕಸಕ್ಕೆ ವರ್ಗವಾಗುತ್ತದೆ. ಹಾಗಾಗಿ ಮನೆ ತಂಪಾಗಿರುವುದರಲ್ಲಿ ಖಜಾನೆಯ ಹಿತವೂ ಇದೆ.

ನಿಯಮ ಕೆಲಸ ಮಾಡುವುದು ಎಲ್ಲಿ ಎಂಬುದಕ್ಕೆ ನಮ್ಮಲ್ಲೇ ಪಾಠವಿದೆ. 2007ರಲ್ಲಿ ರಾಜ್ಯ ಸರ್ಕಾರ ನಗರಗಳ ಹೊಸ ಮನೆಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯಗೊಳಿಸಿತು. ಅದನ್ನು ವಿದ್ಯುತ್ ಸಂಪರ್ಕಕ್ಕೆ ಜೋಡಿಸಿದ್ದರಿಂದ ಬೆಂಗಳೂರಿನ ತಾರಸಿಗಳ ನೋಟವೇ ಬದಲಾಯಿತು. 2009ರ ತಿದ್ದುಪಡಿಯ ಮೂಲಕ ಮಳೆನೀರು ಸಂಗ್ರಹ ಕಡ್ಡಾಯವಾದಾಗ, ತಪ್ಪಿದವರ ದಂಡ ನೀರಿನ ಬಿಲ್ಲಿಗೇ ಸೇರಿತು. ಪ್ರಜೆ ಯಾವ ಬಾಗಿಲಿಗೆ ಬರಲೇಬೇಕೋ ಅಲ್ಲಿ ನಿಯಮವಿರಬೇಕು.

ಆದ್ದರಿಂದ ಮಾಡಬಹುದಾದುದು ಮೂರು. ಮೊದಲನೆಯದಾಗಿ, 100 ಕಿಲೋವಾಟ್‌ನ ಮಿತಿಯನ್ನು ಇಳಿಸುವ ಅಧಿಕಾರವನ್ನು 2022ರ ತಿದ್ದುಪಡಿಯೇ ರಾಜ್ಯಗಳಿಗೆ ಕೊಟ್ಟಿದೆ. ಅದನ್ನು ಹಂತಹಂತವಾಗಿ ಬಳಸಬೇಕು. ಎರಡನೆಯದಾಗಿ, ಸಣ್ಣ ಮನೆಗಳಿಗೆ ಲೆಕ್ಕಾಚಾರದ ಸಂಹಿತೆ ಬೇಡ, ಒಂದು ಪುಟದ ಪಟ್ಟಿ ಸಾಕು: ಬಿಸಿಲನ್ನು ಹಿಮ್ಮೆಟ್ಟಿಸುವ ಬಿಳಿ ತಾರಸಿ, ಪ್ರತಿ ಕಿಟಕಿಗೂ ಸಜ್ಜೆ, ಎದುರುಬದುರು ಗಾಳಿಕಂಡಿ, ಪಶ್ಚಿಮದ ಗೋಡೆಗೆ ನೆರಳು. ಇದನ್ನು ಪಂಚಾಯಿತಿಯ ಪರವಾನಗಿಗೇ ಲಗತ್ತಿಸಬಹುದು. ಮೂರನೆಯದಾಗಿ, ಸ್ಥಳೀಯ ಸಾಮಗ್ರಿಗೆ ಮನ್ನಣೆ ಬೇಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರ ಗೂಡಿನಲ್ಲಿ ಸುಡದೆ, ಒತ್ತಿ ತಯಾರಿಸುವ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದಿತು. ಸೌದೆ ಉರಿಸಿ ಇಟ್ಟಿಗೆ ಸುಡುವ ತಾಲ್ಲೂಕಿಗೆ ಆ ವಿದ್ಯೆ ತಲುಪುವುದು ಕಷ್ಟವೇನಲ್ಲ.

ಇನ್ನೊಂದು ಕಾಗದ, ಇನ್ನೊಂದು ಮೇಜು, ಇನ್ನೊಂದು 'ಮಾಮೂಲು' ಎಂಬ ಆಕ್ಷೇಪ ಬರುವುದು ಖಂಡಿತ. ಆಡಳಿತದ ಒಳಗಿದ್ದು ಬಂದವನಾಗಿ ಆ ಭಯವನ್ನು ನಾನು ತಳ್ಳಿಹಾಕಲಾರೆ. ಅದಕ್ಕೇ ಪಟ್ಟಿ ಚಿಕ್ಕದಿರಬೇಕು. ಪಾಲನೆಯಾಗಿದೆಯೇ ಎಂಬುದು ಬೀದಿಯಲ್ಲಿ ನಿಂತು ನೋಡಿದರೆ ಕಾಣುವಂತಿರಬೇಕು. ಸಜ್ಜೆ ಇದೆಯೋ ಇಲ್ಲವೋ ಎಂದು ಹೇಳಲು ಯಾವ ಪ್ರಮಾಣಪತ್ರವೂ ಬೇಡ. ಟೇಕಲ್‌ನಲ್ಲಿ ಈ ವರ್ಷ ಬುನಾದಿ ಬೀಳುವ ಮನೆ 2070ರ ಬೇಸಿಗೆಯನ್ನೂ ಎದುರಿಸಬೇಕಾಗಿದೆ. ಅದರ ನಕ್ಷೆಗೆ ಮೊಹರು ಒತ್ತುವ ಕೈ ಇದನ್ನು ನೆನಪಿಡಬೇಕು.