ಕ್ರ್ಯಾಂಕ್ ಆಗುತ್ತೆ, ಸ್ಟಾರ್ಟ್ ಆಗಲ್ಲ!

ಕೀಲಿ ತಿರುಗಿಸಿದರೆ ಸ್ಟಾರ್ಟರ್ ಮೋಟಾರ್ ಗಿರಗಿರನೆ ಎಂಜಿನ್ ತಿರುಗಿಸುತ್ತದೆ. ಆದರೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಏನೇನು ನೋಡುತ್ತೀರಿ, ಯಾವ ಕ್ರಮದಲ್ಲಿ? ಮೆಕ್ಯಾನಿಕಲ್ ಓದಿದವರನ್ನು ಸಂದರ್ಶನದಲ್ಲಿ ಕೇಳಬಹುದಾದ ಒಳ್ಳೆಯ ಪ್ರಶ್ನೆ ಇದು. ಸ್ಪಾರ್ಕ್ ಪ್ಲಗ್, ಫ್ಯುಯೆಲ್ ಪಂಪ್, ಫಿಲ್ಟರ್, ಸೆನ್ಸರ್ ಎಂದು ಪಟ್ಟಿ ಒಪ್ಪಿಸುವುದು ಸುಲಭ. ಕಷ್ಟವಿರುವುದು ಆ 'ಯಾವ ಕ್ರಮದಲ್ಲಿ' ಎಂಬ ಎರಡು ಪದಗಳಲ್ಲಿ.

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಹಾಸನದ ಒಂದು ಗ್ಯಾರೇಜಿನಲ್ಲಿ. ಬಿಇ ಇಂಟರ್ನ್‌ಶಿಪ್‌ಗೆಂದು ಅಲ್ಲಿಗೆ ಹೋಗುತ್ತಿದ್ದೆ. ಒಂದು ದಿನ ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದು ಟೋ ಆಗಿ ಬಂತು. ಮಾಲೀಕರು ಚಿಕ್ಕಮಗಳೂರು ಕಡೆಯ ಕಾಫಿ ಬೆಳೆಗಾರರು. ಮಳೆಗಾಲವಿಡೀ ಶೆಡ್ಡಿನಲ್ಲಿ ನಿಂತಿದ್ದ ಕಾರು ಆಮೇಲೆ ಸ್ಟಾರ್ಟ್ ಆಗಿರಲಿಲ್ಲ. ಬೇರೆ ಕಡೆ ತೋರಿಸಿದಾಗ ಮೊದಲು ಬ್ಯಾಟರಿ ಬದಲಾಯಿತು, ನಂತರ ಪ್ಲಗ್, ನಂತರ ಪಂಪ್. ಕೊನೆಗೆ 'ಇಸಿಯು ಹೋಗಿದೆ, ವಿದೇಶದಿಂದ ತರಿಸಬೇಕು, ಲಕ್ಷ ದಾಟುತ್ತದೆ' ಎಂದರಂತೆ. 'ಅಪ್ಪ ಆಸೆಪಟ್ಟು ತಗೊಂಡಿದ್ದು. ಆಗಲಿಲ್ಲ ಅಂದ್ರೆ ಮಾರಿಬಿಡ್ತೀನಿ' ಎಂದು ಅವರು ಬೇಸರದಿಂದ ಹೇಳಿದರು.

ನಮ್ಮ ಮೇಸ್ತ್ರಿ ಎಸ್ಸೆಸ್ಸೆಲ್ಸಿವರೆಗೆ ಓದಿದವರು. ಸ್ಪ್ಯಾನರ್ ಮುಟ್ಟಲೇ ಇಲ್ಲ. 'ಏನಪ್ಪಾ ಎಂಜಿನಿಯರ್, ಗಾಡಿ ಏನ್ ಹೇಳ್ತಿದೆ ಕೇಳಿಸ್ಕೋ ಮೊದ್ಲು' ಎಂದರು.

ಕ್ರ್ಯಾಂಕ್ ಆಗುತ್ತಿದೆ ಎಂಬುದೇ ಒಂದು ದೊಡ್ಡ ಸುದ್ದಿ. ಬ್ಯಾಟರಿಯಲ್ಲಿ ಜೀವವಿದೆ, ಸ್ಟಾರ್ಟರ್ ಸರಿಯಿದೆ, ಎಂಜಿನ್ ಜಾಮ್ ಆಗಿಲ್ಲ. ಇನ್ನುಳಿದದ್ದು ಪೆಟ್ರೋಲ್ ಎಂಜಿನ್ನಿಗೆ ಬೇಕಾದ ನಾಲ್ಕು ಸಂಗತಿಗಳು: ಗಾಳಿ, ಇಂಧನ, ಕಿಡಿ, ಕಂಪ್ರೆಷನ್. ಇವು ಇದ್ದರೆ ಸಾಲದು, ಸರಿಯಾದ ಹೊತ್ತಿಗೆ ಸೇರಬೇಕು. ನಿಮಿಷಕ್ಕೆ 6000 ಸುತ್ತು ತಿರುಗುವ ಫೋರ್ ಸ್ಟ್ರೋಕ್ ಎಂಜಿನ್ನಿನ ಒಂದೊಂದು ಸಿಲಿಂಡರಿಗೂ ಸೆಕೆಂಡಿಗೆ 50 ಸಲ ಕಿಡಿ ಬೇಕು. ಆ ಹೊತ್ತನ್ನು ಲೆಕ್ಕ ಹಾಕುವುದು ಇಸಿಯು. ಅದಕ್ಕೆ ಎಂಜಿನ್ ಎಲ್ಲಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ತಿಳಿಸುವುದು ಕ್ರ್ಯಾಂಕ್ ಪೊಸಿಷನ್ ಸೆನ್ಸರ್.

ಮೇಸ್ತ್ರಿ ಒಂದೊಂದನ್ನೇ ನೋಡುತ್ತಾ ಹೋದರು. ಇಗ್ನಿಷನ್ ಆನ್ ಮಾಡಿದಾಗ ಹಿಂದಿನಿಂದ ಎರಡು ಸೆಕೆಂಡು 'ಗುಂಯ್' ಎಂದು ಪಂಪಿನ ಸದ್ದು ಬಂತು. ಹಾಗಾದರೆ ಪಂಪಿಗೆ ಕರೆಂಟ್ ಹೋಗುತ್ತಿದೆ. ಕ್ರ್ಯಾಂಕ್ ಮಾಡುವಾಗ ಬ್ಯಾಟರಿ ವೋಲ್ಟೇಜ್ ಹತ್ತಕ್ಕಿಂತ ಕೆಳಗಿಳಿಯಲಿಲ್ಲ. ಕಳ್ಳತನ ತಡೆಯುವ ಇಮೊಬಿಲೈಸರ್ ದೀಪ ಆನ್ ಆಗಿ ಆರಿತು. ಅಂದರೆ ಕೀಲಿಯನ್ನು ಕಾರು ಗುರುತಿಸಿದೆ. ಸ್ಪಾರ್ಕ್ ಟೆಸ್ಟರ್ ಸಿಕ್ಕಿಸಿ ಕ್ರ್ಯಾಂಕ್ ಮಾಡಿದರೆ ಕಿಡಿಯೇ ಇಲ್ಲ. ಇಂಜೆಕ್ಟರ್ ಕನೆಕ್ಟರಿಗೆ ಪರೀಕ್ಷೆಯ ದೀಪ ಹಾಕಿದರೆ ಅದೂ ಮಿನುಗಲಿಲ್ಲ. ಅಷ್ಟೊತ್ತು ಕ್ರ್ಯಾಂಕ್ ಮಾಡಿದರೂ ಸೈಲೆನ್ಸರಿನಲ್ಲಿ ಪೆಟ್ರೋಲ್ ವಾಸನೆಯೂ ಇಲ್ಲ.

'ಎರಡೂ ಒಟ್ಟಿಗೆ ಹೆಂಗೆ ಸಾಯ್ತವೆ?' ಎಂದು ಮೇಸ್ತ್ರಿ ನನ್ನ ಮುಖ ನೋಡಿದರು.

ಈ ಪ್ರಶ್ನೆಯಲ್ಲೇ ದಾರಿ ಇತ್ತು. ಕಿಡಿ ಮಾತ್ರ ಇಲ್ಲದಿದ್ದರೆ ಕಾಯಿಲ್ ಕಡೆ ಹೋಗಬೇಕಿತ್ತು, ಇಂಧನ ಮಾತ್ರ ಇಲ್ಲದಿದ್ದರೆ ಪಂಪ್ ಕಡೆ. ಎರಡೂ ಒಂದೇ ಸಲ ಇಲ್ಲವೆಂದರೆ ಎರಡಕ್ಕೂ ಮೂಲವಾದದ್ದನ್ನು ಹುಡುಕಬೇಕು. ಸ್ಕ್ಯಾನರ್ ಜೋಡಿಸಿ ಲೈವ್ ಡೇಟಾ ತೆರೆದೆ. ಎಂಜಿನ್ ತಿರುಗುತ್ತಿದೆ, ಪರದೆಯ ಮೇಲೆ ಆರ್‌ಪಿಎಂ ಸೊನ್ನೆ! ಸ್ಟಾರ್ಟರ್ ತಿರುಗಿಸುವಾಗ ಅಲ್ಲಿ ಸಾಮಾನ್ಯವಾಗಿ 200ರಿಂದ 300 ಕಾಣಬೇಕು. ಇಸಿಯುವಿನ ಪ್ರಕಾರ ಎಂಜಿನ್ ನಿಂತೇ ಇದೆ. ನಿಂತ ಎಂಜಿನ್ನಿಗೆ ಅದು ಕಿಡಿಯನ್ನಾಗಲಿ ಪೆಟ್ರೋಲನ್ನಾಗಲಿ ಯಾಕೆ ಕೊಡುತ್ತದೆ? ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಇಲ್ಲಿಗೆ ಸೆನ್ಸರ್ ಹೋಗಿದೆ ಎಂದು ತೀರ್ಮಾನಿಸಿ ಹೊಸದನ್ನು ಹಾಕಿದ್ದರೆ ಮಾಲೀಕರ ಬಿಲ್ಲಿಗೆ ಇನ್ನೊಂದು ದಂಡದ ಸಾಲು ಸೇರುತ್ತಿತ್ತು. ಬ್ಯಾಟರಿ ಕಳಚಿ, ಮಲ್ಟಿಮೀಟರಿನಿಂದ ಸೆನ್ಸರಿನ ಬಾಯಲ್ಲಿ ಅಳೆದಾಗ ಮ್ಯಾನುಯಲ್‌ನಲ್ಲಿದ್ದಷ್ಟೇ ರೆಸಿಸ್ಟೆನ್ಸ್ ಬಂತು. ಅದೇ ಎರಡು ವೈರುಗಳನ್ನು ಇಸಿಯು ಕನೆಕ್ಟರಿನ ತುದಿಯಲ್ಲಿ ಅಳೆದರೆ ಓಪನ್ ಸರ್ಕ್ಯೂಟ್. ಸೆನ್ಸರ್ ಸರಿ, ನಡುವಿನ ದಾರಿ ಕಡಿದಿದೆ. ಟೇಪ್ ಬಿಚ್ಚುತ್ತಾ ಹೋದಾಗ ಆಸಾಮಿ ಸಿಕ್ಕಿಬಿದ್ದ: ಶೆಡ್ಡಿನ ಇಲಿ! ಒಂದು ವೈರನ್ನು ಪೂರ್ತಿ ಕಡಿದಿತ್ತು, ಇನ್ನೊಂದರ ಸಿಪ್ಪೆ ಸುಲಿದಿತ್ತು. ಹೊಸ ವೈರ್ ಹಾಕಿ, ಬೆಸುಗೆ ಮಾಡಿ, ಸ್ಲೀವ್ ಏರಿಸಿದೆವು. ಮೊದಲ ಸಲಕ್ಕೇ ಎಂಜಿನ್ ಗುಡುಗಿತು. ಸಾಮಾನಿನ ಖರ್ಚು ನೂರೈವತ್ತು ರೂಪಾಯಿಯನ್ನೂ ಮುಟ್ಟಲಿಲ್ಲ.

'ಎರಡಕ್ಕೂ ಒಂದೇ ಮೂಲ' ಎಂಬ ಈ ಸೂತ್ರ ಇಲಿ ಕಡಿದ ಕಾರಿಗಷ್ಟೇ ಸೀಮಿತವಲ್ಲ. 1982ರಿಂದ 1991ರವರೆಗೆ ತಯಾರಾದ ಪೋರ್ಷೆ 944 ಕಾರಿನ ಅಭಿಮಾನಿಗಳಿಗೆ ಇದು ಚಿರಪರಿಚಿತ. ಅದರಲ್ಲಿ ಡಿಎಂಇ ರಿಲೇ ಎಂಬ ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆಯಿದೆ. ಎಂಜಿನ್ ಕಂಪ್ಯೂಟರಿಗೂ ಫ್ಯುಯೆಲ್ ಪಂಪಿಗೂ ವಿದ್ಯುತ್ ಹೋಗುವುದು ಅದರ ಮೂಲಕವೇ. ವರ್ಷಗಳು ಕಳೆದಂತೆ ಒಳಗಿನ ಬೆಸುಗೆ ಬಿರುಕು ಬಿಟ್ಟರೆ ಕಾರು ಕ್ರ್ಯಾಂಕ್ ಆಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಅದಕ್ಕೇ ಎಷ್ಟೋ ಮಾಲೀಕರು ಕಾರಿನಲ್ಲೇ ಒಂದು ಹೆಚ್ಚುವರಿ ರಿಲೇ ಇಟ್ಟುಕೊಳ್ಳುತ್ತಾರೆ. ಕ್ರ್ಯಾಂಕ್ ಮಾಡುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವಾದರೂ ಅಲುಗುತ್ತದೆಯೇ ಎಂದು ನೋಡುವುದು ಅವರ ಮೊದಲ ಪರೀಕ್ಷೆಗಳಲ್ಲಿ ಒಂದು. ಅದಕ್ಕೆ ಕಾಸೂ ಬೇಡ, ಸ್ಪ್ಯಾನರೂ ಬೇಡ.

ನೀವೂ ಇಂಥ ಕಾರಿನ ಮುಂದೆ ನಿಂತರೆ ಕೆಲವು ಎಚ್ಚರಿಕೆ ಇರಲಿ. ಒಂದೇ ಸಮನೆ ಕ್ರ್ಯಾಂಕ್ ಮಾಡಬೇಡಿ. ಹತ್ತು ಸೆಕೆಂಡಿಗೆ ನಿಲ್ಲಿಸಿ, ಸ್ಟಾರ್ಟರ್ ತಣಿಯಲು ಬಿಡಿ. ಪೆಟ್ರೋಲ್ ವಾಸನೆ ಇದ್ದಲ್ಲಿ ಕಿಡಿ ಪರೀಕ್ಷೆ ಬೇಡ. ಎಂಜಿನ್ ಎಂದಿಗಿಂತ ಹಗುರವಾಗಿ, ಉಸಿರು ಕಟ್ಟದೆ ಸರಾಗವಾಗಿ ತಿರುಗುವ ಸದ್ದು ಬಂದರೆ ತಕ್ಷಣ ಕೀಲಿ ತೆಗೆಯಿರಿ. ಟೈಮಿಂಗ್ ಬೆಲ್ಟ್ ತುಂಡಾಗಿರಬಹುದು. 944ರಂಥ ಎಂಜಿನ್ನಿನಲ್ಲಿ ಆಗ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ. ಕೆಲವು ಕಾರುಗಳಲ್ಲಿ ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಇಳಿದಾಗಲೂ ಅದು ಬೀಳಬಹುದು. ಪೆಟ್ರೋಲ್ ಎಲ್ಲೂ ಸೋರುತ್ತಿಲ್ಲವೆಂದು ನೋಡಿಕೊಂಡು ಅದರ ಬಟನ್ ಒತ್ತಿದರೆ ಕೆಲಸ ಮುಗಿಯಿತು.

ನಮ್ಮ ಕ್ಲಾಸಿನಲ್ಲಿ ಈಗ ಪ್ಲೇಸ್‌ಮೆಂಟ್ ಗಾಬರಿ. ಕೋರ್ ಬ್ರಾಂಚಿಗೆ ಬೆಲೆಯಿಲ್ಲ, ಇನ್ನೊಂದು ಕೋರ್ಸ್ ಮಾಡು, ಮತ್ತೊಂದು ಸರ್ಟಿಫಿಕೇಟ್ ತಗೋ ಎಂಬ ಸಲಹೆ ಎಲ್ಲ ಕಡೆಯಿಂದ. ಕೆಲಸ ಸಿಗಲಿಲ್ಲವೆಂದು ಒಂದರ ಮೇಲೊಂದು ಸರ್ಟಿಫಿಕೇಟ್ ಸೇರಿಸುವುದಕ್ಕೂ, ಸ್ಟಾರ್ಟ್ ಆಗಲಿಲ್ಲವೆಂದು ಒಂದರ ಮೇಲೊಂದು ಪಾರ್ಟ್ ಬದಲಿಸುವುದಕ್ಕೂ ನನಗೆ ಅಂಥ ವ್ಯತ್ಯಾಸ ಕಾಣುವುದಿಲ್ಲ. ಅರ್ಜಿಗೆ ಕರೆಯೇ ಬರುತ್ತಿಲ್ಲವೇ, ಲಿಖಿತ ಪರೀಕ್ಷೆಯಲ್ಲಿ ನಿಲ್ಲುತ್ತಿದೆಯೇ, ಸಂದರ್ಶನದಲ್ಲೇ? ಮೊದಲು ಅದನ್ನು ಅಳೆದು ನೋಡೋಣ. ಯಾವುದು ಸರಿಯಿದೆ ಎಂದು ಗೊತ್ತಾದಷ್ಟೂ ಹುಡುಕುವ ಜಾಗ ಕಿರಿದಾಗುತ್ತದೆ.

ಮೇಸ್ತ್ರಿಯ ಕಿವಿಗೆ ಮೂವತ್ತು ವರ್ಷದ ಅನುಭವವಿದೆ, ನಮಗೆ ಓಮ್‌ನ ನಿಯಮ ಗೊತ್ತಿದೆ. ರಜೆಯಲ್ಲಿ ಹತ್ತಿರದ ಗ್ಯಾರೇಜಿಗೆ ಹೋಗಿ ನಿಂತು ನೋಡಿ. ಕೈಗೆ ಗ್ರೀಸ್ ಹತ್ತಿದರೆ ಸೋಪು ಹಾಕಿ ತೊಳೆದುಕೊಳ್ಳಬಹುದು, ಕಲಿತದ್ದು ಮಾತ್ರ ಹೋಗುವುದಿಲ್ಲ.