ಮಗಳ ಕೋಣೆಗೆ ಯಾವ ಬಣ್ಣ?

ರಂಜಾನ್ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಪೇಂಟಿಂಗ್ ಮಾತು ಶುರು. ಹಾಲ್‌ಗೆ ಯಾವ ಬಣ್ಣ, ಗೇಟಿಗೆ ಯಾವ ಬಣ್ಣ ಎಂದು ಗಲ್ಫಿನಲ್ಲಿರುವ ಯಜಮಾನರಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಹೋಗುತ್ತದೆ. ಹತ್ತು ಹನ್ನೆರಡು ವರ್ಷದ ಮಕ್ಕಳು ಮಲಗುವ ಕೋಣೆಗೆ ಬಂದಾಗ ಮಾತ್ರ "ಉಳಿದದ್ದು ಹೊಡೆದುಬಿಡಿ" ಎನ್ನುತ್ತೇವೆ. ಹೆಣ್ಣುಮಗಳಾದರೆ ಅವಳ ಕೋಣೆಗೆ ಚಂದದ ಬಣ್ಣ ಬರುವುದು ಮದುವೆ ನಿಶ್ಚಯವಾದ ಮೇಲೆ. ಅದೂ ಪುದಿಯಾಪ್ಳ ಬರುತ್ತಾನೆಂದು!

ಹತ್ತು ವರ್ಷಕ್ಕೆ ಮಕ್ಕಳ ಹಾಸಿಗೆ ಬೇರೆ ಮಾಡಬೇಕೆಂಬ ಹದೀಸನ್ನು ನಾವೆಲ್ಲ ಮದ್ರಸದಲ್ಲಿ ಓದಿದವರೇ. ಹಾಸಿಗೆ ಬೇರೆಯಾದ ಮಗುವಿಗೆ ತನ್ನದೆನ್ನುವ ಒಂದು ಗೋಡೆಯೂ ಬೇಡವೇ?

ನಾವು ಪಾಠ ಹೇಳುತ್ತಿರುವ ಹುಲಗೂರು ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಇಲ್ಲಿನ ದರ್ಗಾದಿಂದಲೂ ಶಿಶುನಾಳ ಶರೀಫರ ನಂಟಿನಿಂದಲೂ ಊರಿನ ಹೆಸರು ಹಲವರಿಗೆ ಗೊತ್ತು. ಈ ಕಡೆಯ ಹಳೆಯ ಮಣ್ಣಿನ ಮನೆಗಳಿಗೆ ಸುಣ್ಣವೇ ಬಣ್ಣ. ಅದಕ್ಕೆ ಚಿಟಿಕೆ ನೀಲಿ ಬೆರೆಸುತ್ತಾರೆ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಾರೆ. ಬಿಸಿಲಿಗೆ ತಂಪು, ಖರ್ಚೂ ಕಡಿಮೆ. ಒರಗಿ ಕೂತರೆ ಬಟ್ಟೆಗೆ ಹತ್ತುತ್ತದೆ ಎನ್ನುವುದೊಂದೇ ದೂರು.

ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಪರಿಚಯದವರೊಬ್ಬರು ಹೊಸ ಕೋಣೆ ಕಟ್ಟಿಸಿದರು. ಹನ್ನೊಂದು ವರ್ಷದ ಮಗಳು ಕೇಳಿದ್ದು ಕಡುನೇರಳೆ. ಉಮ್ಮನಿಗೆ ಕ್ರೀಮ್, ಅಜ್ಜಿಗೆ ಹಸಿರು. ಉಪ್ಪ ನಮ್ಮ ಕಡೆ ತಿರುಗಿ, "ಅಲ್ಲ ಉಸ್ತಾದರೇ, ಹತ್ತು ವರ್ಷ ಕಳೆದರೆ ಗಂಡನ ಮನೆಗೆ ಹೋಗುವವಳು. ಅವಳನ್ನು ಕೇಳಿ ಯಾರಾದರೂ ಪೇಂಟ್ ಹೊಡೆಸ್ತಾರಾ?" ಎಂದರು. ಹುಡುಗಿ ಬಾಗಿಲ ಹಿಂದೆಯೇ ಇದ್ದಳು. ಆಮೇಲೆ ಅವಳು ಬಣ್ಣದ ಸುದ್ದಿಯೇ ಎತ್ತಲಿಲ್ಲ. ಉಮ್ಮ ಕೇಳಿದರೂ "ಯಾವುದಾದರೂ ಹಾಕಿ" ಎಂದಳಂತೆ. ಹಟ ಮಾಡುವ ಮಗುವಿಗಿಂತ ಹೀಗೆ ಸುಮ್ಮನಾದ ಮಗುವಿನ ಬಗ್ಗೆ ನಮಗೆ ಹೆಚ್ಚು ಚಿಂತೆ. "ಹತ್ತು ವರ್ಷ ಎಂದರೆ ಮೂರೂವರೆ ಸಾವಿರ ರಾತ್ರಿ, ಅಲ್ಲಿ ಮಲಗುವವಳನ್ನು ಒಂದು ಮಾತು ಕೇಳಿ" ಎಂದೆವು.

ದಾರಿ ತೋರಿಸಿದವರು ಪೇಂಟರ್. ಎರಡಡಿಯ ಹಲಗೆಗೆ ಅವಳು ಹೇಳಿದ ನೇರಳೆಯನ್ನೇ ಎರಡು ಕೋಟ್ ಹೊಡೆದು ಕೋಣೆಯಲ್ಲಿ ನಿಲ್ಲಿಸಿದರು. ಶೇಡ್ ಕಾರ್ಡಿನ ಚೂರಿನಲ್ಲಿ ತಿಳಿಯಾಗಿ ಕಾಣುವ ಬಣ್ಣ ನಾಲ್ಕು ಗೋಡೆಗೆ ಬಂದಾಗ ಗಾಢವಾಗುತ್ತದೆ, ಕೋಣೆ ಕಿರಿದೆನಿಸುತ್ತದೆ. ಹಗಲು ಕಿಟಕಿಯ ಬೆಳಕಿನಲ್ಲಿ, ರಾತ್ರಿ ಟ್ಯೂಬ್‌ಲೈಟಿನಲ್ಲಿ ನೋಡಿ ಮೂರನೇ ದಿನ ಹುಡುಗಿಯೇ, "ರಾತ್ರಿ ಕಪ್ಪು ಕಾಣ್ತದೆ ಉಮ್ಮ, ಇದು ಬೇಡ" ಎಂದಳು. ಕೊನೆಗೆ ಓದುವ ಮೇಜಿನ ಮುಂದಿನ ಗೋಡೆಗೆ ತಿಳಿ ನೇರಳೆ, ಉಳಿದ ಮೂರಕ್ಕೆ ಅರೆಬಿಳಿ. ಹತ್ತಡಿ ಉದ್ದ, ಹತ್ತಡಿ ಎತ್ತರದ ಒಂದು ಗೋಡೆಗೆ ಎರಡು ಕೋಟ್ ಬಳಿಯಲು ಎರಡು ಲೀಟರ್ ಸಾಕು. ಮುಂದೆ ಮನಸ್ಸು ಬದಲಾದರೂ ಅಷ್ಟೇ ಖರ್ಚು. ಮಕ್ಕಳ ಕೋಣೆಗೆ ಡಿಸ್ಟೆಂಪರ್‌ಗಿಂತ ತೊಳೆಯಬಹುದಾದ ಎಮಲ್ಷನ್ ಮೇಲು. ಪೆನ್ನಿನ ಗೆರೆ, ಎಣ್ಣೆ ಕೈಯ ಗುರುತು ಒದ್ದೆ ಬಟ್ಟೆಯಲ್ಲಿ ಬಹುಪಾಲು ಹೋಗುತ್ತದೆ.

ಬಣ್ಣಕ್ಕಿಂತ ಹೆಚ್ಚು ಗಮನ ಕೊಡಬೇಕಾದ್ದು ಸೀಸ. ಮನೆಯ ಪೇಂಟಿನಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಕಿಟಕಿ ಬಾಗಿಲಿನ ಎನಾಮಲ್‌ನಲ್ಲಿ ಸೀಸ ಇರಬಹುದು. ಅದು ಮಕ್ಕಳ ಮಿದುಳಿಗೆ ಕೆಡುಕು. ಆದ್ದರಿಂದ ಹಳೆಯ ಪೇಂಟನ್ನು ಒಣಗಿದಂತೆಯೇ ಉಜ್ಜಿಸಬೇಡಿ. ನೀರು ಹಾಕಿ ಉಜ್ಜಿಸಿ, ಮಕ್ಕಳನ್ನು ದೂರವಿಡಿ, ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹೊಸ ಡಬ್ಬ ಕೊಳ್ಳುವಾಗ ಅದರ ಮೇಲೆ ಸೀಸದ ಬಗ್ಗೆ ಬರೆದದ್ದನ್ನು ಓದಿ.

ಊರ ಕಡೆಯವರಿಗೆ ಇನ್ನೊಂದು ಮಾತು. ಕರಾವಳಿಯ ಕೆಂಪುಕಲ್ಲಿನ ಗೋಡೆ ಮಳೆನೀರು ಕುಡಿದಿರುತ್ತದೆ. ಅದು ಆರುವ ಮೊದಲೇ ಪೇಂಟ್ ಹೊಡೆದರೆ ಮುಂದಿನ ವರ್ಷ ಗುಳ್ಳೆ, ಬೂಸ್ಟು. ನೀರು ಬರುವ ಜಾಗ ಮೊದಲು ಸರಿಮಾಡಿ, ಮಳೆಗಾಲ ಮುಗಿದು ಗೋಡೆ ಪೂರ್ತಿ ಒಣಗುವವರೆಗೆ ಕಾಯಿರಿ. ಬಳಿದ ಮೇಲೂ ವಾಸನೆ ಪೂರ್ತಿ ಹೋಗುವವರೆಗೆ ಕಿಟಕಿ ತೆರೆದಿಟ್ಟು ಮಗುವನ್ನು ಅಜ್ಜಿಯ ಜೊತೆ ಮಲಗಿಸಿ.